ಮೂರು ಟಿವಿಯಲ್ಲೂ ಮಿಣುಕಿದ ಚಿತ್ರ

ಲೈಟ್ ಆರಿಸಬೇಕಾದರೆ ಆರಿಸಿ, ನನಗೇನೂ ಭಯವಿಲ್ಲ. ಆದರೆ ನಡುವೆ ಯಾರೂ ನಗಕೂಡದು. ಎಲ್ಲೋ ಯಾರಿಗೋ ಆದ ಕತೆಯಲ್ಲ ಇದು, ನಮ್ಮ ದೊಡ್ಡಪ್ಪನ ಮಗಳಿಗೆ ಆದದ್ದು. ನಮ್ಮಕ್ಕನಿಗೆ.

ದೊಡ್ಡಪ್ಪನದು ಟಿವಿ ರಿಪೇರಿ ಅಂಗಡಿ. ಹಳೇ ವಿಡಿಯೋ ಗೇಮ್ ಡಬ್ಬಗಳನ್ನೂ ರಿಪೇರಿ ಮಾಡುತ್ತಿದ್ದರು. ಅವರದೊಂದು ನೇಮ. ಮೂರು ಟಿವಿಗೆ ಹಾಕಿ ನೋಡದೆ ಡಬ್ಬವನ್ನು ಗಿರಾಕಿಗೆ ಕೊಡುತ್ತಿರಲಿಲ್ಲ. ಒಂದು ಬೆನ್ನುಬ್ಬಿದ ಹಳೇ ಟಿವಿ, ಎರಡು ಚಪ್ಪಟೆ ಟಿವಿ. ಹಳೇ ಡಬ್ಬ ಕಳಿಸುವ ಚಿತ್ರ ಹೊಸ ಟಿವಿಗೆ ಸರಿಯಾಗಿ ಅರ್ಥವಾಗುವುದಿಲ್ಲ, ಅದಕ್ಕೇ ಮಿಣುಕುತ್ತದೆ; ದೊಡ್ಡಪ್ಪ ಅದನ್ನೂ ನಿಲ್ಲಿಸಿಯೇ ಕೊಡುತ್ತಿದ್ದರು. ಪರೀಕ್ಷೆಗೆ ಬ್ಯಾಟು-ಚೆಂಡಿನ ಆಟ. ಆಚೆ ಒಂದು ಬಿಳಿ ಗೀಟು, ಈಚೆ ಒಂದು, ನಡುವೆ ಓಡಾಡುವ ಚುಕ್ಕಿ. ಅಪ್ಪ-ಮಗಳು ಆಡುತ್ತಿದ್ದರು. "ನನ್ನನ್ನ ಸೋಲಿಸಿದ ದಿನ ಅಂಗಡಿ ನಿಂದು" ಅನ್ನುತ್ತಿದ್ದರು ದೊಡ್ಡಪ್ಪ. ಹದಿನಾರು ವರ್ಷದಲ್ಲಿ ಒಮ್ಮೆಯೂ ಸೋಲಲಿಲ್ಲ ಆ ಮನುಷ್ಯ. ಹಾಗೇ ಹೋಗಿಬಿಟ್ಟರು.

ಆಮೇಲೆ ಶುರುವಾಯಿತು ನೋಡಿ... ಅಂಗಡಿಯಲ್ಲಿ ಅಕ್ಕ ಕೂತಳು, ಅವಳು ಮುಟ್ಟಿದ ಡಬ್ಬವೆಲ್ಲ ಮೂರೂ ಟಿವಿಯಲ್ಲಿ ಮಿಣುಕತೊಡಗಿತು. ಹಳೇ ಟಿವಿಯಲ್ಲೂ! ವೈರು ಬದಲಿಸಿದಳು, ಬೆಸುಗೆ ಬಿಚ್ಚಿ ಮತ್ತೆ ಹಾಕಿದಳು. ಊಹೂಂ. ಗಿರಾಕಿಗಳು ಒಬ್ಬೊಬ್ಬರಾಗಿ ಆ ಕಡೆ ಬರುವುದನ್ನೇ ಬಿಟ್ಟರು. ಅವಳ ಅಣ್ಣನಿಗೆ ಅಷ್ಟೇ ಬೇಕಾಗಿತ್ತು.

"ನೀನು ಅಂಗಡೀಲಿ ಕೂರೋದು ಅಪ್ಪಂಗೇ ಇಷ್ಟ ಇಲ್ಲ ಕಣೇ. ನಾಳೆ ಬೀಗ ಹಾಕ್ತೀನಿ. ಬೇರೆಯವರಿಗೆ ಕೊಟ್ಬಿಡ್ತೀನಿ."

"ಇಷ್ಟ ಇಲ್ದಿದ್ರೆ ಅಪ್ಪನೇ ಬಂದು ಹೇಳ್ಲಿ. ನೀನೇನು ಅಪ್ಪನ ಲಾಯರಾ?" ಅಂದಳು ಅಕ್ಕ. ಬಾಯಿ ನೋಡಿ ಅವಳದು!

ಆ ರಾತ್ರಿ ತಡವಾಗಿ ಶಟರ್ ಎಳೆದು ಮನೆಗೆ ಹೊರಟಳು. ಬೀದಿ ತುದಿಯ ಪಾಳು ಬಾವಿ ದಾಟುವಾಗ ಕೇಳಿಸಿತು. ಟಿಕ್... ಟೊಕ್... ಟಿಕ್... ಚೆಂಡು ಬ್ಯಾಟಿಗೆ ತಾಗುವ ಸದ್ದು. ಬಾವಿಯಿಂದಲ್ಲ. ಹಿಂದಿನಿಂದ... ಅಂಗಡಿಯಿಂದ.

ನಾನಾಗಿದ್ದರೆ ಎದ್ದೆನೋ ಬಿದ್ದೆನೋ ಅಂತ ಓಡುತ್ತಿದ್ದೆ. ಅಕ್ಕ ಬೈದುಕೊಳ್ಳುತ್ತಾ ವಾಪಸು ಬಂದು ಗರಗರ ಶಟರ್ ಎತ್ತಿದಳು.

ಒಂದು ಚಪ್ಪಟೆ ಟಿವಿ ತಾನಾಗಿ ಆನ್ ಆಗಿತ್ತು. ಎಡಗಡೆ ಬ್ಯಾಟು ಅಲುಗದೆ ನಿಂತಿತ್ತು. ಬಲಗಡೆಯದು ಮಿಣುಕುತ್ತಾ ಮೇಲೆ, ಕೆಳಗೆ... ಗುರಿಯಿಟ್ಟು ಚೆಂಡನ್ನು ಎಡಗಡೆ ಬ್ಯಾಟಿಗೇ ಹೊಡೆಯುತ್ತಿತ್ತು. ಡಬ್ಬಕ್ಕೆ ಒಂದು ಜಾಯ್‌ಸ್ಟಿಕ್ಕನ್ನೂ ಸಿಕ್ಕಿಸಿರಲಿಲ್ಲ.

"ಅಪ್ಪಾ?" ಪಿಸುಗುಟ್ಟಿದಳು.

ಮಿಣುಕು ಒಂದು ಗಳಿಗೆ ನಿಂತಿತು... ಮತ್ತೆ ಶುರುವಾಯಿತು.

ಅಕ್ಕ ತನ್ನ ಜಾಯ್‌ಸ್ಟಿಕ್ ಸಿಕ್ಕಿಸಿ ಕೂತಳು. ಎರಡು ಪಾಯಿಂಟ್ ಹೋಯಿತು. ಹೊಸ ಟಿವಿ ಕೈಗಿಂತ ಒಂದು ಚಿಟಿಕೆ ಹಿಂದೆ. ಚೆಂಡು ದಾಟಿದ ಮೇಲೆ ಬ್ಯಾಟು ಬರುತ್ತದೆ. "ಇದ್ರಲ್ಲಿ ಬೇಡ. ಸರಿಯಾಗಿ ಆಡೋಣ" ಅಂತ ವೈರು ಕಿತ್ತು ಹಳೇ ಟಿವಿಗೆ ಹಾಕಿದಳು. ಕೀಂ... ಅಂತ ಅದರ ಸಣ್ಣ ಕೂಗು. ಗಾಜಿನ ಮೇಲೆ ಚಟಚಟ. ಮೊದಲಿಂದ ಆಟ.

ಎಷ್ಟು ಹೊತ್ತೋ ಗೊತ್ತಿಲ್ಲ. ಇಪ್ಪತ್ತು-ಇಪ್ಪತ್ತು. ಇನ್ನೊಂದೇ ಪಾಯಿಂಟ್.

ಆಗ ಬಲಗಡೆ ಬ್ಯಾಟು... ನಿಂತೇ ಹೋಯಿತು.

ಬಿಟ್ಟುಕೊಡುತ್ತಿದ್ದರು. ಅಕ್ಕನಿಗೆ ಅಳು ಬಂತು. ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ಚೆಂಡನ್ನು ಪಕ್ಕಕ್ಕೆ ತಳ್ಳಿದ್ದರೆ ಮುಗಿಯುತ್ತಿತ್ತು. ಅವಳು ನೇರ ಆ ನಿಂತ ಬ್ಯಾಟಿಗೇ ಹೊಡೆದಳು. ಟಿಕ್. ಮತ್ತೆ ಅಲ್ಲಿಗೇ. ಟಿಕ್.

"ಹದಿನಾರು ವರ್ಷ ಸೋಲಿಸಿ ಈಗ ಭಿಕ್ಷೆ ಹಾಕ್ತೀಯಾ? ಬೇಡ ನಂಗೆ. ಆಡಪ್ಪಾ!"

ಬ್ಯಾಟು ದಿಗ್ಗನೆ ಎದ್ದಿತು. ಟಿಕ್ ಟೊಕ್ ಟಿಕ್ ಟೊಕ್... ಮಳೆ ಸುರಿದ ಹಾಗೆ. ಅಕ್ಕ ಹಲ್ಲು ಕಚ್ಚಿ ಮೂಲೆಗೆ ಓರೆಯಾಗಿ ಹೊಡೆದಳು. ಟಿಕ್...

ಟೊಕ್ ಬರಲಿಲ್ಲ.

ಮಿಣುಕು ನಿಂತಿತು. ಮಿಕ್ಕೆರಡು ಟಿವಿಗೂ ಹಾಕಿ ನೋಡಿದಳು. ಚಿತ್ರ ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತ್ತು.

ಬೆಳಿಗ್ಗೆ ಅಣ್ಣ ಬೀಗ ಹಿಡಿದು ಬಂದ. "ಇಲ್ಲಿಟ್ಟು ಹೋಗು. ಸಂಜೆ ಅಂಗಡಿ ಮುಚ್ಚೋವಾಗ ನಾನೇ ಹಾಕ್ಕೋತೀನಿ" ಅಂದಳು. ಅವನು ಆಫ್ ಆಗಿದ್ದ ಹಳೇ ಟಿವಿಯ ಗಾಜಿನ ಕಡೆ ನೋಡಿದ. ಬೀಗ ಮೇಜಿನ ಮೇಲಿಟ್ಟು ಹೊರಟುಹೋದ.

ಸುಳ್ಳು ಅನ್ನುವವರು ನಾಳೆ ನನ್ನ ಜೊತೆ ಬನ್ನಿ, ತೋರಿಸುತ್ತೇನೆ. ಒಂದೇ ಚಿತ್ರ ವರ್ಷಗಟ್ಟಲೆ ನಿಂತರೆ ಅಂಥ ಟಿವಿಯ ಗಾಜಿನಲ್ಲಿ ಅದರ ಅಚ್ಚು ಉಳಿಯುತ್ತದೆ. ಒಂದು ರಾತ್ರಿಗೆ ಉಳಿಯುವುದಿಲ್ಲ. ಆ ಟಿವಿ ಆಫ್ ಮಾಡಿ ಪಕ್ಕದಿಂದ ನೋಡಿ, ಹಗಲಲ್ಲೇ ನೋಡಿ... ಇಪ್ಪತ್ತೊಂದು, ಇಪ್ಪತ್ತು. ನಾನೇ ಒದ್ದೆ ಬಟ್ಟೆಯಲ್ಲಿ ಉಜ್ಜಿದ್ದೇನೆ. ಹೋಗಲಿಲ್ಲ.