ಮಾವನ ಅಂಗಿಯ ತೋಳು

ಮಗಳ ಶಾಲೆಯ ಲಂಗ ಸಡಿಲಿಸಲು ಕೊಟ್ಟು ದರ್ಜಿಯ ಅಂಗಡಿಯಲ್ಲಿ ಕಾಯುತ್ತಿದ್ದೆ. ನನ್ನ ಮುಂದೆ ಒಂದೇ ಮನೆಯ ಇಬ್ಬರು ಅಳಿಯಂದಿರು, ಮಾವನ ನಾಲ್ಕು ತುಂಬು ತೋಳಿನ ಅಂಗಿ ಹಿಡಿದು ನಿಂತಿದ್ದರು.

“ಭಾವ, ನಾವು ಬಿಲಿಯರ್ಡ್ಸ್ ಆಡೋ ಪೂಲ್ ಹಾಲ್ ಮಾಲೀಕರು ಖಡಾಖಂಡಿತವಾಗಿ ಹೇಳಿದ್ದಾರೆ. ಮಾವ ಇನ್ನೊಂದ್ಸಲ ಆಟದ ಮಧ್ಯೆ ಅಂಗಿ ತೋಳಿನ ತುದಿಯಿಂದ ಕದ್ದು ಚೆಂಡು ಸರಿಸಿದ್ರೆ ನಮ್ಮ ಮೂವರಿಗೂ ಬಾಗಿಲು ಬಂದ್.”

“ಹಾಗಾದ್ರೆ ನೀನೇ ಮಾವನಿಗೆ ಹೇಳಪ್ಪ.”

“ಹಿರೀ ಅಳಿಯ ನೀವಿರುವಾಗ ನಾನಾ?”

“ನೀನು ಮುದ್ದಿನ ಅಳಿಯ. ನಿನ್ನ ಮಾತಾದ್ರೆ ಕೇಳ್ತಾರೆ.”

“ಹೋದ್ಸಲ ‘ಚೆಂಡು ಅಲುಗಿತು ಮಾವ’ ಅಂದಿದ್ದಕ್ಕೆ ಎರಡು ವಾರ ನನ್ನ ಮುಖ ನೋಡ್ಲಿಲ್ಲ.”

“ಅದಕ್ಕೇ ಈ ಉಪಾಯ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.”

ದರ್ಜಿ ಕನ್ನಡಕದ ಮೇಲಿಂದ ನೋಡಿದರು. “ನಾಲ್ಕಕ್ಕೂ ಅರ್ಧ ತೋಳು ಮಾಡ್ಬೇಕಾ? ಯಜಮಾನರು ಒಪ್ಪಿದ್ದಾರಾ?”

“ಸೆಕೆ ನೋಡಿ, ಅತ್ತೆನೇ ಕಳ್ಸಿದ್ರು,” ಎಂದ ಹಿರಿಯ ಅಳಿಯ.

ಅಂಗಿ ಕೊಟ್ಟು ಮೆಟ್ಟಿಲಿಳಿಯುವಾಗ ಕಿರಿಯವನು ತಟ್ಟನೆ ನಿಂತ.

“ಭಾವ, ಇನ್ಮೇಲೆ ಹೊಟ್ಟೆಯಿಂದ ಸರಿಸಿದ್ರೆ?”

“ಅದನ್ನೂ ಅತ್ತೆಗೇ ಬಿಡೋಣ. ಊಟ ಕಡಿಮೆ ಬಡಿಸ್ಲಿ.”

ಇಬ್ಬರೂ ನೆಮ್ಮದಿಯಿಂದ ನಡೆದುಹೋದರು.