ನನ್ನನ್ನು ಸೋಲಿಸಲೆಂದು ಗೆಲ್ಲಿಸಿದವರಿಗೆ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಮಹದೇವಪ್ಪನವರೇ, ನಾಳೆಯಿಂದ ನಮ್ಮ ಕನ್ನಡ ಬಳಗದ ಅಧ್ಯಕ್ಷೆಯಾಗಲಿರುವ ಶಾಲಿನಿಯವರೇ, ಊಟದ ಬಾಗಿಲಿಗೆ ಹತ್ತಿರವಾಗಿ ಜಾಗ ಹಿಡಿದಿರುವ ಜಾಣರೇ, ಉಳಿದ ಎಲ್ಲ ಆತ್ಮೀಯ ಸಭಿಕರೇ,

ಬೀಳ್ಕೊಡುಗೆ ಪಡೆಯುವವರು ಹೆಚ್ಚು ಮಾತನಾಡಬಾರದು ಎಂಬುದು ನನಗೆ ಗೊತ್ತು. ಆದರೆ ಪುಣೆಯ ಕನ್ನಡ ಶಾಲೆಯಲ್ಲಿ ಆಯುಷ್ಯವೆಲ್ಲ ಪಾಠ ಮಾಡಿದವಳ ಕೈಗೆ ಮೈಕ್ ಕೊಟ್ಟವರು ನೀವು. ಇನ್ನು ಅನುಭವಿಸಬೇಕು.

ನನಗಿಂತ ಮೊದಲು ಮಾತನಾಡಿದವರೆಲ್ಲ ಕುಸುಮಾ ಟೀಚರ್ ಜನರ ಪ್ರೀತಿಯಿಂದ ಅಧ್ಯಕ್ಷೆಯಾಗಿ ಆರಿಸಿ ಬಂದವರು ಎಂದರು. ಕೇಳಿ ಸಂತೋಷವಾಯಿತು. ಆದರೆ ಅದು ನಿಜವೇ? ನನ್ನನ್ನು ಅಭ್ಯರ್ಥಿಯಾಗಿ ಆರಿಸಿದವರು ನಾನು ಸೋತೇ ಸೋಲುತ್ತೇನೆ ಎಂದು ನಂಬಿದವರು. ಹೊಸ ಸದಸ್ಯರಿಗೆ ಈ ಕಥೆ ಗೊತ್ತಿಲ್ಲ, ಹಳಬರು ಮರೆತಂತೆ ನಟಿಸುತ್ತಾರೆ. ಅದಕ್ಕೇ ಹೇಳುತ್ತಿದ್ದೇನೆ.

ನಮ್ಮ ಬಳಗದಲ್ಲಿ ಎರಡು ಬಣಗಳಿವೆ. ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯಿಂದ ಬಂದ ವ್ಯಾಪಾರಸ್ಥರು, ಕಾರಕೂನರು ಸೇರಿದ ಹಳಬರ ಬಣ. ವಿಮಾನ ನಗರದ ಕಂಪನಿಗಳಲ್ಲಿ ದುಡಿಯುವ, ಮೈಸೂರು ಕಡೆಯ ಹೊಸಬರ ಬಣ. ಅಧ್ಯಕ್ಷರ ಚುನಾವಣೆಗೆ ಮೊದಲು ಒಂದು ಭಾನುವಾರ ಎರಡೂ ಬಣಗಳು ತಮ್ಮ ತಮ್ಮ ಅಭ್ಯರ್ಥಿಯನ್ನು ಮತದ ಚೀಟಿ ಹಾಕಿ ಆರಿಸುತ್ತವೆ. ಯಾರು ಯಾವ ಬಣ ಎಂದು ಎಲ್ಲೂ ಬರೆದಿಟ್ಟಿಲ್ಲ. ಬಳಗದ ಸದಸ್ಯರಾಗಿದ್ದರೆ ಸಾಕು, ಯಾವುದಾದರೂ ಒಂದು ಕಡೆ ಹೋಗಿ ಚೀಟಿ ಹಾಕಬಹುದು.

ಮೂರು ವರ್ಷಗಳ ಹಿಂದೆ ಹೊಸಬರಲ್ಲಿ ಮಧುಕರ್ ಒಬ್ಬರೇ ನಿಂತಿದ್ದರು, ಅಲ್ಲಿ ಚೀಟಿಯ ಕೆಲಸವೇ ಇರಲಿಲ್ಲ. ಹಳಬರಲ್ಲಿ ನಮ್ಮ ಮಹದೇವಪ್ಪನವರು ಮತ್ತು ನಾನು. ಮಹದೇವಪ್ಪನವರ ಸೀರೆ ಅಂಗಡಿಯ ಋಣದಲ್ಲಿ ಇಲ್ಲದ ಮದುವೆ ಪುಣೆಯಲ್ಲಿ ಯಾವುದಿದೆ? ಅವರ ಮುಂದೆ ನಾನೇಕೆ ನಿಂತೆ?

ಕೊಂಢವಾ ಬಡಾವಣೆಯ ಒಂದು ಕೋಣೆಗಾಗಿ. ದಾನಿಯೊಬ್ಬರು ಬಳಗಕ್ಕೆ ಬಿಟ್ಟುಹೋದ ಆ ಕೋಣೆಯಲ್ಲಿ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳಿಗೆ ಭಾನುವಾರ ಕನ್ನಡ ಕಲಿಸುತ್ತಿದ್ದೆ. ಮಹದೇವಪ್ಪನವರು ಅದರಲ್ಲಿ ವೇದಿಕೆಯ ಪರದೆ, ಅಡುಗೆಯ ಪಾತ್ರೆ ಇಡಬೇಕೆಂದಿದ್ದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಆ ಸಾಮಾನೆಲ್ಲ ಅವರ ಅಂಗಡಿಯಲ್ಲೇ ಬಿದ್ದಿತ್ತು. ಆದರೆ ಸಿಮೆಂಟ್ ಬುಟ್ಟಿ ಹೊರುವ ಭೀಮವ್ವ ಒಂದು ದಿನ ನನಗೆ ಹೇಳಿದ್ದಳು: "ಅಕ್ಕಾರ, ಈ ಖೋಲ್ಯಾಗ ಮಾತ್ರ ನನ್ನ ಮಗಳನ್ನ ಹೆಸರು ಹಿಡದು ಕರೀತಾರ್ರಿ. ಹೊರಗೆಲ್ಲಾ 'ಏ ಪೋರಿ' ಅಂತಾರ." ಇದನ್ನು ಕೇಳಿದ ಮೇಲೆ ಪಾತ್ರೆಗಳಿಗೆ ಜಾಗ ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ.

ನಮ್ಮ ಮನೆಯವರು ಶಿವಪುತ್ರಪ್ಪನವರು, ಅಲ್ಲಿ ಮೂರನೆಯ ಸಾಲಿನಲ್ಲಿ ಮುಖ ಕೆಳಗೆ ಮಾಡಿದ್ದಾರೆ, ಮಹದೇವಪ್ಪನವರ ಹಳೆಯ ಗೆಳೆಯರು. ನನಗೆ ನೇರವಾಗಿಯೇ ಹೇಳಿದರು: "ನನ್ನ ಚೀಟಿ ಮಹದೇವಪ್ಪಗ. ಆದ್ರ ನಿನ್ನ ಸ್ಕೂಟರ್ ಮ್ಯಾಲೆ ಕರಕೊಂಡು ಹೋಗತೇನಿ." ಹಾಗೆಯೇ ಕರೆದುಕೊಂಡು ಹೋದರು, ನನ್ನ ವಿರುದ್ಧ ಚೀಟಿ ಹಾಕಿದರು, ವಾಪಸು ಕರೆತಂದರು. ಇಂಥ ಪ್ರಾಮಾಣಿಕ ಗಂಡ ಎಲ್ಲರಿಗೂ ಸಿಗುವುದಿಲ್ಲ.

ಆ ಬೆಳಿಗ್ಗೆ ಕೋಥರೂಡದ ನಮ್ಮ ಹಾಲ್ ಮುಂದೆ ವಿಮಾನ ನಗರದ ಕಾರುಗಳು ಸಾಲುಗಟ್ಟಿದವು. ಇಳಿದವರೆಲ್ಲ ನಮ್ಮವರಂತೆ ಮಾತನಾಡಲು ಹೆಣಗುತ್ತಿದ್ದರು. ಮಂಡ್ಯದ ಶಾಲಿನಿಯವರು ನನ್ನ ಕೈಹಿಡಿದು ಭಾಳ ಚಲೋ ಆತ್ರೀ ಎಂದರು. ಏನು ಚಲೋ ಆಯಿತೆಂದು ಇಂದಿಗೂ ನನಗೆ ತಿಳಿದಿಲ್ಲ. ಚೀಟಿ ಎಣಿಸಿದರು, ನಾನು ಗೆದ್ದಿದ್ದೆ.

ಸಂಜೆಯವರೆಗೆ ಸಂತೋಷಕ್ಕೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಗ ಮಹದೇವಪ್ಪನವರ ಫೋನ್ ಬಂತು. ತಮ್ಮ ಎದುರು ಮಧುಕರ್ ಗೆಲ್ಲುವುದಿಲ್ಲ, ನನ್ನ ಎದುರಾದರೆ ಸುಲಭವಾಗಿ ಗೆಲ್ಲುತ್ತಾರೆ, ಅದಕ್ಕೇ ಹೊಸಬರು ಬಂದು ನನಗೆ ಹಾಕಿದ್ದಾರೆ ಎಂದು ಬಿಡಿಸಿ ಹೇಳಿದರು. ಬಣದ ಮರ್ಯಾದೆಗಾಗಿ ಹಿಂದೆ ಸರಿಯಬೇಕೆಂದರು. ಸಭಿಕರೇ, ನಾನು ಅತ್ತೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಅಡುಗೆಮನೆಯಲ್ಲಿ ನಿಂತು ಅತ್ತೆ. ಮನೆಯ ಚೀಟಿ ಸಿಗಲಿಲ್ಲ, ಸಿಕ್ಕ ಚೀಟಿಗಳು ನನ್ನನ್ನು ಕೆಲಸಕ್ಕೆ ಬಾರದವಳು ಎನ್ನುತ್ತಿದ್ದವು.

ಅತ್ತು ಮುಗಿದ ಮೇಲೆ ನನ್ನೊಳಗಿನ ಟೀಚರ್ ಎದ್ದಳು. ವಿದ್ಯಾರ್ಥಿ ಬರೆದ ಉತ್ತರಕ್ಕೆ ಅಂಕ ಕೊಡುತ್ತೇವೋ, ಅವನ ಮನಸ್ಸಿನಲ್ಲಿದ್ದದ್ದಕ್ಕೋ? ಚೀಟಿಯ ಮೇಲೆ ಬರೆದಿದ್ದು ನನ್ನ ಹೆಸರು. ಹಾಗಾದರೆ ಅವರು ನನ್ನ ಮತದಾರರು. ಮತದಾರರಿಗೆ ಧನ್ಯವಾದ ಹೇಳುವುದು ಬೇಡವೇ?

ಶೇಂಗಾ ಉಂಡಿ ಕಟ್ಟಿಕೊಂಡು ಬಸ್ ಹತ್ತಿ ವಿಮಾನ ನಗರಕ್ಕೆ ಹೋದೆ. ಮೊದಲು ಶಾಲಿನಿಯವರ ಮನೆ. ನನಗೆ ಮತ ಹಾಕಿದ್ದೀರಿ, ಉಪಕಾರವಾಯಿತು ಎಂದೆ. ಪಾಪ, ಅವರೇನು ಹೇಳಬೇಕು? ಉಂಡಿ ಹಿಡಿದು ಬಾಗಿಲಲ್ಲಿ ನಿಂತವಳಿಗೆ, ನೀವು ಸೋಲಲೆಂದು ಹಾಕಿದೆವು ಎನ್ನಲು ಯಾವ ಕನ್ನಡಿಗರಿಗೆ ಬಾಯಿ ಬರುತ್ತದೆ? "ಅಯ್ಯೋ, ಒಳಗ್ ಬನ್ನಿ ಮೇಡಂ" ಎಂದರು. ಯಾವ ಕೆಲಸಕ್ಕೆಂದು ನನ್ನನ್ನು ನಿಲ್ಲಿಸಿದ್ದೀರೋ ಅದನ್ನು ನೋಡಲು ಭಾನುವಾರ ಕೊಂಢವಾಕ್ಕೆ ಬರಬೇಕು ಎಂದೆ. ಒಂದೊಂದು ಮನೆಯಲ್ಲೂ ಅದೇ ಮಾತು, ಅದೇ ಉಂಡಿ.

ಸಂಕೋಚಕ್ಕೆ ಬಂದರು. ಗೋಡೆಗೆ ಒರಗಿ ಮೊಬೈಲ್ ನೋಡಿದರು. ಭೀಮವ್ವನ ಮಗಳು ದೀಪಾಲಿ ಶಾಲಿನಿಯವರ ಬಳಿಗೆ ಹೋಗಿ ನಿಮ್ಮ ಹೆಸರೇನೆಂದು ಕೇಳಿ ಹಲಗೆಯ ಮೇಲೆ ತಪ್ಪಿಲ್ಲದೆ ಬರೆದು ತೋರಿಸಿದಳು. ಮುಂದಿನ ಭಾನುವಾರ ಶಾಲಿನಿಯವರನ್ನು ನಾನು ಕರೆಯಬೇಕಾಗಲಿಲ್ಲ. ತಮ್ಮವರನ್ನು ವಾಪಸು ಕರೆದೊಯ್ಯಲು ಬಂದ ಮಧುಕರ್ ಕೂಡ ಕೆಟ್ಟ ಫ್ಯಾನ್ ರಿಪೇರಿ ಮಾಡಿ ಹೋದರು. ಚುನಾವಣೆಯಲ್ಲಿ ವಿಮಾನ ನಗರವೇ ನನ್ನನ್ನು ಗೆಲ್ಲಿಸಿತು. ಈ ಸಲ ಪೂರ್ತಿ ಮನಸ್ಸಿನಿಂದ.

ಈಗ ಈ ವರ್ಷದ ಚುನಾವಣೆಗೆ ಬರುತ್ತೇನೆ, ಗಡಿಯಾರ ನೋಡಬೇಡಿ. ಒಮ್ಮೆ ಅಧ್ಯಕ್ಷರಾದವರು ಮತ್ತೆ ನಿಲ್ಲುವಂತಿಲ್ಲ. ಹಳಬರಲ್ಲಿ ಮಹದೇವಪ್ಪನವರು ಒಬ್ಬರೇ, ಪಾತ್ರೆಗಳ ಚಿಂತೆ ಇನ್ನೂ ಬಿಟ್ಟಿಲ್ಲ. ಹೊಸಬರಲ್ಲಿ ಶಾಲಿನಿ ಮತ್ತು ಮಧುಕರ್. ಮಧುಕರ್ ಒಳ್ಳೆಯವರು, ಆದರೆ ಅವರಿಗೆ ಆ ಕೋಣೆಯಲ್ಲಿ ವಿಡಿಯೋ ಸ್ಟುಡಿಯೋ ಬೇಕು. ಮಧುಕರ್ ಆರಿಸಿ ಬಂದರೆ ಇಬ್ಬರಲ್ಲಿ ಯಾರು ಗೆದ್ದರೂ ಮಕ್ಕಳು ಹೊರಗೆ. ನಾನು ಏನು ಮಾಡಬೇಕಿತ್ತು? ಗೆಳತಿಯನ್ನು ನೋಡಿ ಬರುತ್ತೇನೆಂದು ಮನೆಯಲ್ಲಿ ಹೇಳಿ ವಿಮಾನ ನಗರಕ್ಕೆ ಹೋಗಿ ಹೊಸಬರ ಸರದಿಯಲ್ಲಿ ನಿಂತೆ. ಸೋಲಲಿ ಎಂದು ಹಾಕಲು ಹೋದವಳಲ್ಲ, ಶಾಲಿನಿ ಗೆಲ್ಲಲಿ ಎಂದೇ ಹೋದೆ.

ನನ್ನ ಮುಂದೆ ನಿಂತವರ ಬೆನ್ನು ಎಲ್ಲೋ ನೋಡಿದಂತಿತ್ತು. ಕಟಿಂಗ್ ಮಾಡಿಸಿಕೊಂಡು ಬರುತ್ತೇನೆಂದು ಹೋದ ನಮ್ಮ ಶಿವಪುತ್ರಪ್ಪನವರು.

"ಕಟಿಂಗ್ ಇಲ್ಲೇ ಮಾಡತಾರೇನ್ರೀ?" ಎಂದೆ.

ತಿರುಗಿ ನೋಡಿದರು, ನಗಲಿಲ್ಲ. "ಆ ಖೋಲಿಗೆ ಕೀಲಿ ಬೀಳಬಾರದು, ಕುಸುಮಾ" ಎಂದರು. ಆಮೇಲೆ ಮೆಲ್ಲಗೆ, "ಮಹದೇವಪ್ಪ ಕೇಳಿದ್ರ, 'ನಿನ್ನ ಸಲುವಾಗೇ ಹೋಗಿದ್ದೆ, ಆ ಶಾಲಿನಿನ್ನ ಸೋಲಸೂದು ನಿನಗ ಸರಳ' ಅಂತ ಹೇಳತೇನಿ" ಎಂದರು.

ಮಹದೇವಪ್ಪನವರೇ, ಹಾಗೆಯೇ ಹೇಳಿದ್ದಾರೆಂದು ನಿಮ್ಮ ಮುಖ ನೋಡಿದರೆ ತಿಳಿಯುತ್ತದೆ. ದಯವಿಟ್ಟು ಕ್ಷಮಿಸಿ, ಇದು ನನ್ನ ಭಾಷಣದಲ್ಲಿ ಇರಲಿಲ್ಲ. ಇವತ್ತು ಊಟಕ್ಕೆ ನಮ್ಮ ಮನೆಯವರನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ, ಹೋಳಿಗೆಗೆ ತುಪ್ಪ ನೀವೇ ಬಡಿಸಿ.

ನನ್ನ ಮೇಲೆ ಭರವಸೆಯಿಟ್ಟು ಮತ ಹಾಕಿದವರಿಗೂ, ಭರವಸೆಯಿಲ್ಲದೆ ಹಾಕಿದವರಿಗೂ, ಮೂರು ವರ್ಷ ತಡವಾಗಿ ಹಾಕಿದ ಒಬ್ಬರಿಗೂ ನಾನು ಋಣಿ. ಎಲ್ಲರಿಗೂ ನಮಸ್ಕಾರ.