ಪರರ ಮನೆಯ ಕ್ರಿಸ್ಮಸ್

೧೯೯೧ರ ಡಿಸೆಂಬರ್. ಕೊಲ್ಲಿ ದೇಶದ ವಾದಿ ಕಬೀರಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಹರಿಣಾಕ್ಷಿಯ ಕಿವಿಗೆ ಊರಿನ ಮಾತು ಬಿತ್ತು. ಪರರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಇಬ್ಬರು. ಒಬ್ಬಳು ಹಳಬಳು, ಇನ್ನೊಬ್ಬಳು ಹೊಸಬಳು.

“ಆಲಿಸ್ ಬಾಯಿ, ಕ್ರಿಸ್ಮಸ್ ದಿನ ನಾನೆಂತ ಮಾಡುವುದು?”

“ಅಡುಗೆಮನೆಯಲ್ಲಿ ಕೂರಬೇಡ ಮಾರಾಯ್ತಿ. ಮೊದಲ ವರ್ಷ ನಾನು ಹಾಗೇ ಕೂತು ಅತ್ತದ್ದು.”

“ಆಮೇಲೆ?”

“ಮರುವರ್ಷ ಮೇಡಂ ಕೇಳಿದ್ರು, ಊರಲ್ಲಿ ಎಂತ ಮಾಡ್ತೀರಿ ಅಂತ. ಕಿಡಿಯೊ ತಿಂಡಿ ಕರೀತೇವೆ ಅಂದೆ. ಅವರ ಮಕ್ಕಳೆಲ್ಲ ಬಾಚಣಿಗೆ ಮೇಲೆ ಹಿಟ್ಟು ಒತ್ತಿ ಸುರುಳಿ ಮಾಡಿದ್ರು. ಸಣ್ಣದಿರುವಾಗ ನಾವು ಅಮ್ಮನ ಸುತ್ತ ಕೂರ್ತಿದ್ದ ಹಾಗೇ.”

“ನಮ್ಮ ಮೇಡಂ ಕೇಳುವುದಿಲ್ಲ.”

“ಹಾಗಾದ್ರೆ ನೀನೇ ಹೇಳು. ಯಲ್ಲಾ, ನಡಿ, ಬಸ್ಸು ಬಂತು.”

ಇಬ್ಬರೂ ಹತ್ತಿ ಹೋದರು. ಹರಿಣಾಕ್ಷಿಯ ಮಗನನ್ನು ನೋಡಿಕೊಳ್ಳಲು ಉಡುಪಿಯಿಂದ ಬಂದ ಬೀಟ್ರಿಸ್‌ಗೆ ಇದು ಇಲ್ಲಿ ಮೂರನೇ ಕ್ರಿಸ್ಮಸ್. ಹರಿಣಾಕ್ಷಿ ಒಮ್ಮೆಯೂ ಏನೂ ಕೇಳಿರಲಿಲ್ಲ. ಅಂದು ಮನೆಗೆ ಹೋದವಳೇ, ಚಪ್ಪಲಿ ಬಿಡುವ ಮೊದಲೇ ಕೇಳಿದಳು.